ಒಬ್ಬರಿಗೆ ಬೆಟ್ಟ, ಒಬ್ಬರಿಗೆ ಪಿಟೀಲು: ಯುರೋಪ್ ಪ್ರವಾಸ ಹೇಗೆ ಹೊಂದಿಸೋದು?

ಸ್ವಾತಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮದುವೆಯಾದ ಮೇಲೆ ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. ಇಬ್ಬರಿಗೂ ಎರಡು ವಾರದಷ್ಟು ರಜೆ ಸಿಗುತ್ತೆ. ಯುರೋಪ್ ಅನ್ನೋದು ನಿಶ್ಚಯ ಆಯ್ತು, ಅದರಾಚೆ ಏನೂ ತೀರ್ಮಾನವಾಗಿಲ್ಲ.

ನಮ್ಮವರಿಗೆ ಚಾರಣ ಅಂದ್ರೆ ಪ್ರಾಣ. ಕುಮಾರ ಪರ್ವತ, ಕೊಡಚಾದ್ರಿ, ಕುದುರೆಮುಖ ಎಲ್ಲಾ ಹತ್ತಿ ಬಂದವರು. ಆಲ್ಪ್ಸನ್ನ ಕಿಟಕಿಯಿಂದ ನೋಡಿದ್ರೆ ಸಾಲದು, ಕಾಲಲ್ಲಿ ನಡೀಬೇಕು ಅಂತಾರೆ. ನಾನು ಚಿಕ್ಕಂದಿನಿಂದ ಪಿಟೀಲು ಕಲಿತವಳು, ಈಗಲೂ ಪಾಠಕ್ಕೆ ಹೋಗ್ತೀನಿ. ನನಗೆ ಹಳೇ ಊರು, ಮ್ಯೂಸಿಯಂ, ಸಂಜೆ ಒಂದು ಕಛೇರಿ ಬೇಕು. ಬೆಟ್ಟ ಹತ್ತಕ್ಕೆ ಆಗಲ್ಲ ಅಂತೇನಿಲ್ಲ, ಆದ್ರೆ ದಿನಾ ಬೆಳಗಿಂದ ಸಂಜೆವರೆಗೂ ಅದೇ ಆದ್ರೆ ಕಷ್ಟ.

ಅವರು ಒಂದು ವಾರ ಸ್ವಿಟ್ಜರ್ಲೆಂಡಿನಲ್ಲಿರಲಿ, ನೀನು ವಿಯೆನ್ನಾಕ್ಕೆ ಹೋಗು ಅಂತ ಸ್ನೇಹಿತರು ಹೇಳಿದ್ರು. ಮೊದಲ ಪ್ರವಾಸದಲ್ಲೇ ಬೇರೆ ಬೇರೆ ಊರಲ್ಲಿರೋಕೆ ನನಗಂತೂ ಮನಸ್ಸಿಲ್ಲ. ಜೂನ್ ಅಥವಾ ಸೆಪ್ಟೆಂಬರ್ ಆಗಬಹುದು. ಇಬ್ಬರೂ ಸಸ್ಯಾಹಾರಿಗಳು, ಅಲ್ಲಿ ಕಾರು ಓಡಿಸೋ ಧೈರ್ಯ ಇಬ್ಬರಿಗೂ ಇಲ್ಲ. ಹೋಗಿ ಬಂದವರು ದಾರಿ ತೋರಿಸಿ.

ಮಂಜುನಾಥ, ಬೆಂಗಳೂರು

ಮೊದಲ ಸಲ ಅಂದ್ರೆ ಪ್ಯಾಕೇಜೇ ವಾಸಿ ಮೇಡಂ. ನಾವು ಪ್ಯಾರಿಸ್, ಸ್ವಿಸ್, ವೆನಿಸ್, ರೋಮ್ ಮಾಡ್ಕೊಂಡು ಬಂದ್ವಿ. ಎರಡು ಹೊತ್ತೂ ನಮ್ಮ ಕಡೆ ಊಟ ಸಿಕ್ತು. ಯುಂಗ್‌ಫ್ರಾವ್ಯೋಕಿಗೆ 3,454 ಮೀಟರ್ ಎತ್ತರದವರೆಗೂ ರೈಲೇ ಹೋಗುತ್ತೆ, ನಿಮ್ಮವರಿಗೆ ಹಿಮ ಸಿಗುತ್ತೆ. ಪ್ಯಾರಿಸ್‌ನಲ್ಲಿ ನಿಮಗೆ ಮ್ಯೂಸಿಯಂ ಸಿಗುತ್ತೆ.

ಸುಮಾ, ಟ್ರೆಂಟೊ

ಸ್ವಾತಿಯವರೇ, ನಾನು ಶಿರಸಿ ಕಡೆಯವಳು, ಓದಲು ಬಂದು ಇಟಲಿಯ ಟ್ರೆಂಟೊದಲ್ಲೇ ನೆಲೆಸಿದ್ದೇನೆ. ಮಂಜುನಾಥರು ಹೇಳಿದ ಊರುಗಳೆಲ್ಲ ಚೆನ್ನಾಗಿವೆ, ಊಟದ ನೆಮ್ಮದಿಯೂ ಸಣ್ಣದಲ್ಲ. ಆದರೆ ಅರ್ಧ ದಿನ ಬಸ್ಸಿನಲ್ಲಿ ಕೂರುವ ಪ್ರವಾಸದಲ್ಲಿ ನಡೆಯುವವರಿಗೆ ನಡಿಗೆ ಸಿಗುವುದಿಲ್ಲ, ಕೇಳುವವರಿಗೆ ಸಂಗೀತ ಸಿಗುವುದಿಲ್ಲ. ನಿಮ್ಮಿಬ್ಬರಿಗೆ ನನ್ನ ಸಲಹೆ ಬೇರೆ. ನಿಮ್ಮ ಪಿಟೀಲಿನ ಮರ ಬೆಳೆಯುವುದೇ ನಿಮ್ಮವರು ಹತ್ತಬೇಕೆಂದಿರುವಂಥ ಬೆಟ್ಟಗಳಲ್ಲಿ. ಆ ಮರದ ಹಿಂದೆಯೇ ಹೋಗಿ.

ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಮರದ್ದು, ಹಿಂಬದಿ ಮೇಪಲ್ ಮರದ್ದು. ಎತ್ತರದ ಚಳಿಯಲ್ಲಿ ಸ್ಪ್ರೂಸ್ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಕಾಂಡದೊಳಗಿನ ಉಂಗುರಗಳು ಒತ್ತೊತ್ತಾಗಿ, ಒಂದೇ ಸಮನಾಗಿ ಕೂರುತ್ತವೆ. ಹಲಗೆ ಹಗುರ, ಆದರೆ ಬಿಗಿ. ನಮ್ಮೂರಿನ ಪೂರ್ವಕ್ಕಿರುವ ಫಿಯೆಮ್ಮೆ ಕಣಿವೆಯ ಮೇಲ್ತುದಿಯಲ್ಲಿ ಪಾನೆವೆಜ್ಜೊ ಎಂಬ ಕಾಡಿದೆ. ಜನ ಅದನ್ನು ಪಿಟೀಲುಗಳ ಕಾಡು ಎಂದೇ ಕರೆಯುತ್ತಾರೆ. ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವಾರಿ ತಾನೇ ಬಂದು ಇಲ್ಲಿ ಮರ ಆರಿಸುತ್ತಿದ್ದ ಎಂಬ ಪ್ರತೀತಿ ಇದೆ. ಇವತ್ತಿಗೂ ಇಲ್ಲಿಯ ಮರ ವಾದ್ಯಕ್ಕೆ ಹೋಗುತ್ತದೆ.

ಕಾಡಿನ ಮಾಹಿತಿ ಕೇಂದ್ರದ ಹತ್ತಿರದಿಂದ ಒಂದು ಸುಲಭ ಕಾಲುದಾರಿ ಹೊರಡುತ್ತದೆ, ನಡುವೆ ಕಮರಿಯ ಮೇಲೊಂದು ತೂಗುಸೇತುವೆ. ಇದು ನೀವಿಬ್ಬರೂ ಜೊತೆಗೆ ನಡೆಯಬೇಕಾದ ದಾರಿ. 2018ರ ಅಕ್ಟೋಬರ್ ಕೊನೆಯಲ್ಲಿ ವಾಯಾ ಎಂಬ ಬಿರುಗಾಳಿ ಬೀಸಿ ಈ ಸೀಮೆಯಲ್ಲಿ ಲಕ್ಷಾಂತರ ಮರಗಳು ಒಂದೇ ರಾತ್ರಿ ಉರುಳಿದವು. ಅದರ ಬೋಳು ಇನ್ನೂ ಅಲ್ಲಲ್ಲಿ ಕಾಣುತ್ತದೆ, ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಕೊಯ್ದ ಬೊಡ್ಡೆ ಸಿಕ್ಕರೆ ಪಕ್ಕದಲ್ಲಿ ಕೂತು ಉಂಗುರಗಳ ಮೇಲೆ ಬೆರಳಾಡಿಸಿ. ಎಷ್ಟು ಸಣ್ಣವೆಂದರೆ ಉಗುರಿನ ತುದಿಯಿಟ್ಟು ಎಣಿಸಬೇಕು. ಮನೆಗೆ ಹೋಗಿ ನಿಮ್ಮ ಪಿಟೀಲಿನ ಮುಖ ನೋಡಿದರೆ ಅದೇ ಗೆರೆಗಳು ಉದ್ದಕ್ಕೆ ಇಳಿದಿರುತ್ತವೆ.

ನಿಮ್ಮವರಿಗೆ ಅಲ್ಲಿಂದ ಮೇಲಕ್ಕೆ ಪಾಸ್ಸೊ ರೊಲ್ಲೆ ಘಾಟಿ ಇದೆ. ಬಸ್ಸು ಇಳಿಯುವ ಜಾಗವೇ ಸುಮಾರು 1,980 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಎತ್ತರ. ಮುಕ್ಕಾಲು ಗಂಟೆ, ಒಂದು ಗಂಟೆ ಹತ್ತಿದರೆ ಬೈತಾ ಸೆಗಾಂತಿನಿ ಎಂಬ ಮರದ ಮನೆ ಸಿಗುತ್ತದೆ. ಎದುರಿಗೇ 3,184 ಮೀಟರಿನ ಚಿಮೋನ್ ದೆಲ್ಲಾ ಪಾಲಾ ನೆಟ್ಟಗೆ ನಿಂತಿರುತ್ತದೆ. ಇಲ್ಲಿಯವರೆಗೆ ನೀವೂ ಹೋಗಿ. ಆಚೆ ಸಾನ್ ಮಾರ್ತಿನೊ ಊರಿನಿಂದ ಕೇಬಲ್ ಕಾರಿನಲ್ಲಿ ರೊಸೆತ್ತಾಕ್ಕೆ ಹತ್ತಿದರೆ 2,500 ಮೀಟರ್ ಮೇಲೆ ಒಂದೂ ಮರವಿಲ್ಲದ ಬಿಳಿ ಕಲ್ಲಿನ ಬಯಲು. ಅದು ಅವರ ದಿನ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಮರಳಲಿ, ಬೇಸಗೆಯಲ್ಲಿ ಸಂಜೆಗೆ ಗುಡುಗು ಮಳೆ ಸಾಮಾನ್ಯ.

ಜೂನ್ ಬೇಡ, ಸೆಪ್ಟೆಂಬರಿಗೇ ಬನ್ನಿ. ಇಲ್ಲಿ 1995ರಿಂದ ‘ಇ ಸುವೋನಿ ದೆಲ್ಲೆ ದೊಲೊಮಿತಿ’ (ದೊಲೊಮಿತಿ ಬೆಟ್ಟಗಳ ನಾದ) ಎಂಬ ಸಂಗೀತೋತ್ಸವ ನಡೆಯುತ್ತಿದೆ. ಸಂಗೀತಗಾರರು ವಾದ್ಯ ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಾರೆ, ಕೇಳುಗರೂ ನಡೆದೇ ಬರಬೇಕು. ಹುಲ್ಲಿನ ಮೇಲೆ ಕೂತು ಕೇಳುವುದು. ಇತ್ತೀಚೆಗೆ ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರಿನಲ್ಲಿ ಸಾಗುತ್ತಿದೆ. ಆ ವರ್ಷದ ದಿನಾಂಕ ನೋಡಿಕೊಂಡೇ ವಿಮಾನದ ಟಿಕೆಟ್ ಮಾಡಿಸಿ. ನಿಮ್ಮಿಬ್ಬರಿಗಾಗಿಯೇ ಯಾರೋ ಇಟ್ಟಂತಿದೆ ಈ ಉತ್ಸವ.

ಬೆಟ್ಟ ಮುಗಿಸಿ ಕ್ರೆಮೋನಾಕ್ಕೆ ಇಳಿಯಿರಿ. 16ನೇ ಶತಮಾನದಲ್ಲಿ ಆಂದ್ರೆಯಾ ಅಮಾತಿ ಪಿಟೀಲಿಗೆ ಈಗಿನ ರೂಪ ಕೊಟ್ಟ ಊರು ಅದು. ಮುಂದೆ ನಮ್ಮ ಚೌಡಯ್ಯನವರು ಏಳು ತಂತಿ ಹೂಡಿದ್ದೂ ಆ ರೂಪಕ್ಕೇ. ಅಲ್ಲಿಯ ಪಿಟೀಲು ಮ್ಯೂಸಿಯಂನಲ್ಲಿ ಅಮಾತಿ, ಗ್ವಾರ್ನೇರಿ, ಸ್ಟ್ರಾಡಿವಾರಿ ಮಾಡಿದ ವಾದ್ಯಗಳಿವೆ. ಸ್ಟ್ರಾಡಿವಾರಿ ಮಾಡಿದ 1715ರ ‘ಇಲ್ ಕ್ರೆಮೊನೇಸೆ’ ಎಂಬ ಪಿಟೀಲು ಕೂಡ ಅಲ್ಲೇ. ಅವುಗಳಿಗಿಂತ ಹೆಚ್ಚು ಹೊತ್ತು ನಾನು ನಿಂತದ್ದು ಸ್ಟ್ರಾಡಿವಾರಿ ಬಳಸಿದ ಮರದ ಅಚ್ಚುಗಳು ಮತ್ತು ಕಾಗದದ ನಕ್ಷೆಗಳ ಮುಂದೆ. ವಾರಾಂತ್ಯದಲ್ಲಿ ಹಳೇ ವಾದ್ಯವೊಂದನ್ನು ಹೊರತೆಗೆದು ಸಭಾಂಗಣದಲ್ಲಿ ನುಡಿಸುವುದುಂಟು, ಅದಕ್ಕೆ ಬೇರೆ ಟಿಕೆಟ್ ಮುಂಚೆಯೇ ತಗೊಳ್ಳಿ. ಸೋಮವಾರ ಮಾತ್ರ ಹೋಗಬೇಡಿ, ಸಾಮಾನ್ಯವಾಗಿ ಮುಚ್ಚಿರುತ್ತದೆ. ಊರಿನಲ್ಲಿ ನೂರಕ್ಕೂ ಹೆಚ್ಚು ಪಿಟೀಲು ತಯಾರಕರಿದ್ದಾರೆ, ಮೊದಲೇ ಬರೆದು ಕೇಳಿದರೆ ಕೆಲವರು ಕೆಲಸದ ಕೋಣೆ ತೋರಿಸುತ್ತಾರೆ. ನಿಮ್ಮವರು ಅಷ್ಟರಲ್ಲಿ ತೊರ್ರಾತ್ಸೊ ಗಂಟೆಗೋಪುರದ 502 ಮೆಟ್ಟಿಲು ಹತ್ತಿ ಬರಲಿ!

ಸ್ವಾತಿ, ಮೈಸೂರು

ಸುಮಾ ಅವರೇ, ಓದಿ ಇಬ್ಬರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಮ್ಮವರು ಆಗಲೇ ನಕ್ಷೆ ತೆಗೆದು ಕೂತಿದ್ದಾರೆ. ಕಾರಿಲ್ಲದೆ ಇಷ್ಟೆಲ್ಲ ಆಗುತ್ತಾ? ಬೆಟ್ಟದ ಮೇಲೆ ಊಟ ಏನು?

ಇಕ್ಬಾಲ್, ಮಂಗಳೂರು

ವೀಸಾ ಬಗ್ಗೆ ಒಂದು ಮಾತು. ಹೆಚ್ಚು ದಿನ ಯಾವ ದೇಶದಲ್ಲಿ ಇರ್ತೀರೋ ಅಲ್ಲಿಗೇ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹಾಕಬೇಕು, ಅಂದ್ರೆ ನಿಮಗೆ ಇಟಲಿ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ಬೇಸಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ತಡ ಮಾಡಬೇಡಿ.

ಸುಮಾ, ಟ್ರೆಂಟೊ

ಖಂಡಿತ ಆಗುತ್ತದೆ ಸ್ವಾತಿ. ಮಿಲಾನಿಗೆ ಇಳಿಯಿರಿ. ಅಲ್ಲಿಂದ ವೆರೋನಾದಲ್ಲಿ ರೈಲು ಬದಲಿಸಿ ಟ್ರೆಂಟೊ, ಟ್ರೆಂಟೊದಿಂದ ಕಾವಾಲೆಜೆ, ಪ್ರೆದಾಜ್ಜೊ ಕಡೆಗೆ ಬಸ್ಸು. ಪ್ರೆದಾಜ್ಜೊದಲ್ಲಿ ಕೋಣೆ ಹಿಡಿದರೆ ಕಾಡೂ ಘಾಟಿಯೂ ಹತ್ತಿರ. ಇಲ್ಲಿಯ ಹೋಟೆಲುಗಳಲ್ಲಿ ತಂಗಿದರೆ ಹೆಚ್ಚಾಗಿ ಅತಿಥಿ ಕಾರ್ಡ್ ಕೊಡುತ್ತಾರೆ, ಅದರಲ್ಲಿ ಬಸ್ಸು ಉಚಿತ. ಶಾಲೆ ಶುರುವಾದ ಮೇಲೆ ಘಾಟಿ ಬಸ್ಸಿನ ವೇಳಾಪಟ್ಟಿ ಬದಲಾಗುತ್ತದೆ, ಹೊರಡುವ ವಾರ ಮತ್ತೊಮ್ಮೆ ನೋಡಿ. ಕ್ರೆಮೋನಾದಿಂದ ಮಿಲಾನಿಗೆ ರೈಲಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಒಂದು ಗಂಟೆ.

ಊಟಕ್ಕೆ ಪೊಲೆಂತಾ ಕೇಳಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಂತಲೇ ಅಂದುಕೊಳ್ಳಿ. ಅಣಬೆಯ ಜೊತೆ ಕೊಡುತ್ತಾರೆ. ಸ್ತ್ರಾಂಗೊಲಾಪ್ರೇತಿ ಅಂದರೆ ಬ್ರೆಡ್ಡು, ಪಾಲಕ್ ಸೇರಿಸಿದ ಉಂಡೆ, ಮೇಲೆ ಬೆಣ್ಣೆ. ಮೊಟ್ಟೆ ಹಾಕಿರುತ್ತಾರೆ, ನಿಮಗೆ ಆಗದಿದ್ದರೆ ಮೊದಲೇ ಹೇಳಿ. ಕಾನೆದೆರ್ಲಿ ಎಂಬ ಉಂಡೆಯಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ, ಅದನ್ನು ಬಿಡಿ. ಸೂಪಿನ ತಿಳಿಯೂ ಬಹುಪಾಲು ಮಾಂಸದ್ದೇ. ಪಾರ್ಮೆಸಾನ್ ಚೀಸಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದನ್ನೂ ಬಿಡುವವರಾದರೆ ‘ಸೆನ್ಸಾ ಫೊರ್ಮಾಜ್ಜೊ’ (ಚೀಸ್ ಬೇಡ) ಅನ್ನಿ.

ಬೆಟ್ಟದ ಮೇಲಿನ ತಂಗುಮನೆಯಲ್ಲಿ ಒಂದು ರಾತ್ರಿ ಇರುವುದಾದರೆ ಮಲಗುವ ಹೊದಿಕೆ ಚೀಲ ಮತ್ತು ನಗದು ಇಟ್ಟುಕೊಳ್ಳಿ. ಅವುಗಳಲ್ಲಿ ಬಹಳಷ್ಟು ಸೆಪ್ಟೆಂಬರ್ 20ರ ಸುಮಾರಿಗೆ ಬಾಗಿಲು ಹಾಕುತ್ತವೆ. ಹಾಗಾಗಿ ಬೆಟ್ಟ ಮೊದಲು, ಕ್ರೆಮೋನಾ ಆಮೇಲೆ.