ಮೀನಿನ ಚರ್ಮ ಕೆಡದ ಹಾಗೆ ಉಳಿಸೋದು ಹೇಗೆ?

ಕೆರೆಗಾಳ: ನಮ್ಮೂರ ಕೆರೇಲಿ ಅಪ್ಪನ ಗಾಳಕ್ಕೆ 6 ಕೆಜಿ ಮೇಲಿನ ಕಾಟ್ಲಾ ಬಿತ್ತು. ತಿನ್ನೋಕೆ ಮನಸ್ಸಾಗ್ಲಿಲ್ಲ, ಸ್ಟಫ್ ಮಾಡಿ ಗೋಡೆಗೆ ಹಾಕೋಣ ಅಂತ ಕುಯ್ಯದೆ ಫ್ರೀಜರಲ್ಲಿ ಇಟ್ಟಿದೀನಿ. ಉಪ್ಪು ಸವರಿ ಒಣಗಿಸಿದ್ರೆ ಸಾಕಾ ಇಲ್ಲ ಫಾರ್ಮಲಿನ್ (ಲ್ಯಾಬಲ್ಲಿ ಸತ್ತ ಪ್ರಾಣಿ ಕೆಡದ ಹಾಗೆ ಇಡೋ ದ್ರವ) ಬೇಕೇ ಬೇಕಾ? ನಮ್ಮದು ತೀರ್ಥಹಳ್ಳಿ ಕಡೆ, ಮಳೆಗಾಲ ಬೇರೆ ಹತ್ರ ಬಂತು.

ಹುರುಪೆ: ಬ್ರೋ, ಯಾವ ಪುಡಿ ಹಾಕಿದ್ರೂ ಒಳಗೆ ಮಾಂಸ ಉಳಿದ್ರೆ ನಾರೇ ನಾರುತ್ತೆ, ಅರ್ಧ ಕೆಲಸ ಕೆರೆಯೋದ್ರಲ್ಲೇ ಇರೋದು. ಫ್ರೀಜರಿಂದ ತೆಗೆದು ಫ್ರಿಜ್ಜಲ್ಲಿ ನಿಧಾನಕ್ಕೆ ಕರಗೋಕೆ ಬಿಡಿ, ಹೆಪ್ಪುಗಟ್ಟಿರೋವಾಗ ರೆಕ್ಕೆ ಮುಟ್ಟಿದ್ರೆ ಪಟ್ ಅಂತ ಮುರಿಯುತ್ತೆ. ಕುಯ್ಯೋಕೆ ಮುಂಚೆ ರಟ್ಟಿನ ಮೇಲಿಟ್ಟು ಪೆನ್ಸಿಲಲ್ಲಿ ಸುತ್ತ ಗೆರೆ ಎಳ್ಕೊಳಿ, ಟೇಪಲ್ಲಿ ಹೊಟ್ಟೆ ಸುತ್ತಳತೆ ತಗೊಳಿ. ಗೋಡೆ ಕಡೆಗೆ ಬರೋ ಮಗ್ಗುಲಲ್ಲಿ ಮಾತ್ರ ಕಿವಿರಿನ ಹಿಂದಿಂದ ಬಾಲದವರೆಗೆ ಸೀಳಿ, ಕಾಣೋ ಮಗ್ಗುಲ ಕೆಳಗೆ ಒದ್ದೆ ಬಟ್ಟೆ ಹಾಸಿರ್ಬೇಕು, ಒಣಗಿದ್ರೆ ಹುರುಪೆ ಉದುರುತ್ತೆ. ರೆಕ್ಕೆ ಬುಡದ ಮೂಳೆನ ಒಳಗಿಂದಾನೇ ಕತ್ತರೀಲಿ ಕತ್ತರಿಸಿ, ರೆಕ್ಕೆ ಚರ್ಮಕ್ಕೇ ಅಂಟ್ಕೊಂಡಿರ್ಲಿ. ಆಮೇಲೆ ಸ್ಟೀಲ್ ಚಮಚದಲ್ಲಿ ಚೂರೂ ಬಿಡದೆ ಕೆರೀರಿ. ಕಾಟ್ಲಾಗೆ ತಲೆ ದೊಡ್ಡದು, ಕೆನ್ನೆ ಮಾಂಸ, ಮಿದುಳು, ಕಣ್ಣು, ಕಿವಿರು ಎಲ್ಲಾ ಹೋಗ್ಬೇಕು.
ಪಾತ್ರೆ ತೊಳೆಯೋ ಲಿಕ್ವಿಡ್ ತಣ್ಣೀರಿಗೆ ಹಾಕಿ ತೊಳೆದ್ರೆ ಜಿಡ್ಡು ಬಿಡುತ್ತೆ. ಗ್ರಂಥಿಗೆ ಅಂಗಡೀಲಿ ಬಿಳಿಗಾರ (ಬೊರಾಕ್ಸ್) ಸಿಗುತ್ತೆ, ಇನ್ನು ಕರಗಲ್ಲ ಅನ್ನೋವರೆಗೆ ನೀರಿಗೆ ಹಾಕಿ ಅದರಲ್ಲಿ ಚರ್ಮ ನೆನೆಸಿಡಿ, ತೆಗೆದ್ಮೇಲೆ ಒಳಗೆ ಒಣ ಪುಡೀನೂ ಉಜ್ಜಿ. ಗ್ಲೌಸ್ ಹಾಕ್ಕೊಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮೈಸೂರ್‌ಹುಡುಗ: ಫಾರ್ಮಲಿನ್ ಮನೇಲಿ ದಯವಿಟ್ಟು ಬೇಡ. ಅದರಿಂದ ಬರೋದು ಫಾರ್ಮಾಲ್ಡಿಹೈಡ್ ಅನಿಲ, ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಇನ್ನೊಂದು, ಹತ್ತಿ ಬಟ್ಟೆ ತುರುಕಿದ್ರೆ ಮೀನು ದಿಂಬಿನ ಥರ ಉಬ್ಬುತ್ತೆ. ಬೇಟೆ ಪ್ರಾಣಿಗಳನ್ನ ಸ್ಟಫ್ ಮಾಡಿಕೊಡ್ತಿದ್ದ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಂಪನಿಯವರು 1999ರಲ್ಲಿ ಮುಚ್ಚೋವರೆಗೂ ಹುಲಿ ಚಿರತೆಗೆಲ್ಲ ಕಾಗದದ ಗಟ್ಟಿ ಅಚ್ಚು ಮಾಡಿ ಅದರ ಮೇಲೆ ಚರ್ಮ ಹೊದಿಸ್ತಿದ್ರು. ಮೀನಿಗೂ ಹಾಗೇ, ಎಳ್ಕೊಂಡಿರೋ ಗೆರೆ ನೋಡ್ಕೊಂಡು ಥರ್ಮಾಕೋಲ್ ಕೆತ್ತಿ, ಅದರ ಮೇಲೆ ಚರ್ಮ ಹೊದಿಸಿ ಹೊಲೀರಿ.

ಕೆರೆಗಾಳ: ತುಂಬಾ ಥ್ಯಾಂಕ್ಸ್ ಇಬ್ರಿಗೂ. ಬಿಸಿಲಿಗೆ ಇಡ್ಲಾ? ಬಣ್ಣ ಹಾಗೇ ಉಳಿಯುತ್ತಾ?

ಹುರುಪೆ: ಬಿಸಿಲಿಗೆ ಬೇಡ, ಚರ್ಮ ಎಳ್ಕೊಂಡು ಹೊಲಿಗೆ ಬಿಚ್ಕೊಳತ್ತೆ. ರೆಕ್ಕೆ ಬಾಲ ಅಗಲಿಸಿ ಎರಡು ರಟ್ಟಿನ ಮಧ್ಯೆ ಕ್ಲಿಪ್ ಹಾಕಿ ಫ್ಯಾನ್ ಕೆಳಗೆ ವಾರಗಟ್ಟಲೆ ಬಿಡಿ, ತೀರ್ಥಹಳ್ಳಿ ಮಳೇಲಿ ಇದು ಎಳೆಯುತ್ತೆ, ಆದ್ರೆ ಮಳೆ ನಿಲ್ಲೋವರೆಗೆ ಮೀನು ಫ್ರೀಜರಲ್ಲೇ ಇದ್ರೂ ತೊಂದ್ರೆ ಇಲ್ಲ, ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಆಡದ ಹಾಗೆ ಕಟ್ಟಿಡಿ. ಬಣ್ಣ ಉಳಿಯಲ್ಲ, ಒಣಗಿದ್ಮೇಲೆ ಮಂಕಾಗುತ್ತೆ, ಅಕ್ರಿಲಿಕ್‌ನಲ್ಲಿ ತೆಳ್ಳಗೆ ಬಳೀಬೇಕು. ಹಿಡಿದ ದಿನ ತೆಗೆದ ಫೋಟೋ ಇದ್ಯಾ?

ಕೆರೆಗಾಳ: ಇದೆ, ಅಪ್ಪ ಕೈಲಿ ಹಿಡ್ಕೊಂಡಿರೋದು, ಸಕತ್ ಕ್ಲಿಯರ್ ಇದೆ.

ಹುರುಪೆ: ಹಾಗಾದ್ರೆ ಅದನ್ನೇ ಪ್ರಿಂಟ್ ಹಾಕಿಸಿ ಪಕ್ಕದಲ್ಲಿಟ್ಕೊಂಡು ಬಳೀರಿ.