ಅಪ್‌ಡೇಟ್: ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರಕ್ಕೆ ಸರ್ಕಾರಿ ನೆರವು

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರವನ್ನು ಎಂಜಿನಿಯರಿಂಗ್ ಕಾಲೇಜೊಂದರ ಜೊತೆಗೂಡಿ ರೂಪಿಸಲು ಹುಬ್ಬಳ್ಳಿಯ ನಮ್ಮ ವರ್ಕ್‌ಶಾಪಿಗೆ ಸರ್ಕಾರದ ಹಣ ಸಿಗಬಹುದೇ ಎಂದು ಹಿಂದೆ ಕೇಳಿದ್ದೆ. ಹಲವರು ಸೂಚಿಸಿದ, 1996ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯು ಯೋಜನಾ ವೆಚ್ಚದ ಅರ್ಧದವರೆಗೆ ಶೇ 5ರ ಸರಳ ಬಡ್ಡಿಯಲ್ಲಿ ಸಾಲ ಕೊಡುತ್ತದೆ; ಆದರೆ ಅದು ಮುಖ್ಯವಾಗಿ ಸಿದ್ಧ ತಂತ್ರಜ್ಞಾನವನ್ನು ಮಾರುಕಟ್ಟೆಗೆ ಒಯ್ಯುವವರಿಗಾಗಿ ಇರುವುದರಿಂದ, ಇನ್ನೂ ಮಾದರಿಯ ಹಂತದಲ್ಲೇ ಇರುವ ನಮಗೆ ಹೊಂದಲಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಇರುವ ಕೇಂದ್ರದ ಎಂಎಸ್‌ಎಂಇ ಇನ್ನೋವೇಟಿವ್ ಯೋಜನೆಯಲ್ಲಿ ಮಾನ್ಯತೆ ಪಡೆದ ಆತಿಥೇಯ ಸಂಸ್ಥೆಯ (ಹೊಸ ಪರಿಕಲ್ಪನೆಗಳನ್ನು ಪೋಷಿಸುವ, ಕಾಲೇಜಿನಂಥ ಸಂಸ್ಥೆ) ಮೂಲಕ ಒಂದು ಪರಿಕಲ್ಪನೆಗೆ 15 ಲಕ್ಷ ರೂಪಾಯಿವರೆಗೆ ನೆರವಿದೆ. ಹಣ ನೇರವಾಗಿ ಉದ್ಯಮಿಯ ಕೈಗೆ ಬರದಿರುವುದು ಕೆಲವರಿಗೆ ಕಿರಿಕಿರಿ. ನನಗಂತೂ ಲೆಕ್ಕಪತ್ರದ ತಲೆನೋವು ಕಡಿಮೆಯಾಯಿತೆಂಬ ಸಮಾಧಾನ. ಪೇಟೆಂಟ್ ಯಾರ ಹೆಸರಿನಲ್ಲಿರಬೇಕು, ಮಾರಾಟದ ಹಕ್ಕು ಯಾರದು ಎಂಬುದನ್ನು ಅರ್ಜಿಗೂ ಮೊದಲೇ ಕಾಲೇಜಿನೊಂದಿಗೆ ಒಪ್ಪಂದಪತ್ರದಲ್ಲಿ ಬರೆಸಿಕೊಂಡಿದ್ದೇವೆ. ಈ ಯೋಜನೆಗೆ ಸಲ್ಲಿಸಿದ ಅರ್ಜಿ ಈಗ ಪರಿಶೀಲನೆಯಲ್ಲಿದೆ.