ಮಳೆ ಬಂದರೆ ಕಾರಿನೊಳಗೆ ನೀರು: ಸೀಲಂಟ್ ಹಚ್ಚುವ ಮೊದಲು ನೋಡಬೇಕಾದದ್ದು (ಪ್ರಶ್ನೋತ್ತರ)

ಪ್ರಶ್ನೆ (ತೀರ್ಥಹಳ್ಳಿಯಿಂದ ಒಬ್ಬ ಸದಸ್ಯರು): ಸರ್, ನಮಸ್ಕಾರ. ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆಯಲ್ಲಿ ಶೆಡ್ ಇಲ್ಲದ ಕಾರಣ ಅಂಗಳದ ಗುಲ್‌ಮೊಹರ್ ಮರದ ಕೆಳಗೆ ನಿಲ್ಲಿಸುತ್ತೇನೆ. ಮಳೆ ಹಿಡಿದಾಗಿನಿಂದ ಎಡಗಡೆಯ ಮುಂದಿನ ಸೀಟಿನಲ್ಲಿ ಕುಳಿತವರು ಕಾಲಿಡುವ ಜಾಗ ಒದ್ದೆಯಾಗುತ್ತಿದೆ. ಮ್ಯಾಟ್ ಎತ್ತಿ ಒತ್ತಿದರೆ ನೀರು ಜಿನುಗುತ್ತದೆ. ಬೆಳಿಗ್ಗೆ ಗಾಜುಗಳೆಲ್ಲ ಒಳಗಿನಿಂದ ಮಂಜು ಹಿಡಿದಿರುತ್ತವೆ. ಗ್ಯಾರೇಜೊಂದರಲ್ಲಿ ಮುಂದಿನ ಗಾಜಿನ ಸುತ್ತ ಸಿಲಿಕೋನ್ ಹಚ್ಚಿಕೊಟ್ಟರು, ಆದರೂ ನಿಂತಿಲ್ಲ. ಮನೆಯಲ್ಲೇ ಸರಿಪಡಿಸಿಕೊಳ್ಳಲು ಸಾಧ್ಯವೇ?

ಉತ್ತರ: ನಮಸ್ಕಾರ. ಸಾಧ್ಯವಿದೆ, ಆದರೆ ಸಂದು ಮುಚ್ಚುವ ಸೀಲಂಟಿನ ಟ್ಯೂಬನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಾರಿನ ಬಾಡಿಯೊಳಗೆ ಒಂದು ಹನಿಯೂ ಇಳಿಯಬಾರದೆಂದು ಯಾರೂ ಅದನ್ನು ಕಟ್ಟಿರುವುದಿಲ್ಲ. ಬಾನೆಟ್ಟಿನ ಹಿಂಭಾಗದಲ್ಲಿ, ಬಾಗಿಲುಗಳ ಒಡಲಿನಲ್ಲಿ, ಸನ್‌ರೂಫಿನ ಅಂಚಿನಲ್ಲಿ ಮಳೆನೀರು ಇಳಿದೇ ಇಳಿಯುತ್ತದೆಂದು ಲೆಕ್ಕ ಹಾಕಿ, ಅದು ಪ್ರಯಾಣಿಕರ ಕಡೆಗೆ ಬಾರದೆ ಹೊರಗೆ ಹೋಗಲು ದಾರಿಗಳನ್ನು ಬಿಟ್ಟಿರುತ್ತಾರೆ. ನನ್ನ ಬಳಿ ಬರುವ ಸೋರಿಕೆಗಳಲ್ಲಿ ಬಹುಪಾಲು ಹೊಸದಾಗಿ ತೂತು ಬಿದ್ದದ್ದರಿಂದ ಆದವಲ್ಲ, ಈ ದಾರಿಗಳು ಕಟ್ಟಿಕೊಂಡದ್ದರಿಂದ ಆದವು. ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಸೀಲಂಟ್ ಹಚ್ಚಿದರೆ ನೀರು ಹೊರಹೋಗಬೇಕಾದ ಕಿಂಡಿಯನ್ನೇ ಮುಚ್ಚಿಬಿಡುವ ಅಪಾಯವಿದೆ.

ಮೊದಲು ಅದು ಯಾವ ನೀರೆಂದು ಗೊತ್ತಾಗಬೇಕು. ಬಿಳಿಯ ಬಟ್ಟೆಯೊಂದನ್ನು ಒದ್ದೆಯ ಜಾಗಕ್ಕೆ ಒತ್ತಿ ನೋಡಿ. ಹಸಿರು ಅಥವಾ ಗುಲಾಬಿ ಬಣ್ಣ, ಅಂಟುಅಂಟಾದ ಜಿಡ್ಡು, ಸಿಹಿಯಾದ ವಾಸನೆ ಇದ್ದರೆ ಅದು ಎಂಜಿನ್ ತಣಿಸುವ ಕೂಲಂಟ್. ಡ್ಯಾಶ್‌ಬೋರ್ಡಿನೊಳಗಿನ ಕೂಲಂಟ್ ಹರಿಯುವ ಹೀಟರ್ ಕೋರ್ ಸೋರುತ್ತಿದೆ ಎಂದರ್ಥ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟ ಇಳಿದಿದೆಯೇ ನೋಡಿಕೊಂಡು ನೇರವಾಗಿ ಗ್ಯಾರೇಜಿಗೆ ಹೋಗಿ. ನೀರು ತಿಳಿಯಾಗಿದ್ದು, ಎ.ಸಿ. ಹಾಕಿದ ದಿನಗಳಲ್ಲಿ ಮಾತ್ರ ಬರುತ್ತಿದ್ದರೆ ಕೂಲಿಂಗ್ ಕಾಯಿಲಿನ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು. ಒಣನೆಲದ ಮೇಲೆ ಕಾರು ನಿಲ್ಲಿಸಿ 15-20 ನಿಮಿಷ ಎ.ಸಿ. ಓಡಿಸಿದರೆ ನಮ್ಮ ಕಡೆಯ ತೇವದ ಹವೆಯಲ್ಲಿ ಅಡಿಯಿಂದ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದಿದ್ದರೆ ಅನುಮಾನ ಬಲವಾಗುತ್ತದೆ. ಆ ಕೊಳವೆಯ ಬಾಯಿ ಅನೇಕ ಕಾರುಗಳಲ್ಲಿ ಅಡಿಭಾಗದಲ್ಲಿರುತ್ತದೆ. ಸ್ಟೆಪ್ನಿ ಬದಲಿಸುವ ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ತಮ್ಮ ವಿಷಯದಲ್ಲಿ ಮಳೆ ಬಂದಾಗಲೇ ಒದ್ದೆಯಾಗುತ್ತಿದೆ, ಅದೂ ಎಡಗಡೆ, ಅದೂ ಗುಲ್‌ಮೊಹರ್ ಮರದ ಕೆಳಗೆ. ವೈಪರ್‌ಗಳ ಬುಡದಲ್ಲಿರುವ ಕಪ್ಪು ಪ್ಲಾಸ್ಟಿಕ್ ಜಾಲರಿಯ ಕೆಳಗೆ, ಮಲೆನಾಡಿನ ಮನೆಯ ಮಾಡಿಗೆ ಕಟ್ಟುವ ದಂಬೆಯಂತೆ ಒಂದು ತಗಡಿನ ಕಾಲುವೆ ಇರುತ್ತದೆ. ಮುಂದಿನ ಗಾಜಿನ ಮೇಲೆ ಸುರಿದ ನೀರೆಲ್ಲ ಅದಕ್ಕೆ ಬಿದ್ದು, ಎರಡೂ ತುದಿಗಳಿಂದ ಮುಂದಿನ ಚಕ್ರಗಳ ಹಿಂಬದಿಗೆ ಇಳಿದುಹೋಗುತ್ತದೆ. ಹಲಸಿನ ಎಲೆಯಾದರೆ ಜಾಲರಿಯ ಮೇಲೆಯೇ ನಿಲ್ಲುತ್ತದೆ, ಕೈಯಿಂದ ತೆಗೆದರೆ ಮುಗಿಯಿತು. ಗುಲ್‌ಮೊಹರ್, ಹುಣಸೆ, ಮಳೆಮರಗಳ ಚಿಕ್ಕಚಿಕ್ಕ ಎಲೆಗಳು ಹಾಗಲ್ಲ. ಜಾಲರಿಯನ್ನು ತೂರಿ ಕೆಳಗಿಳಿದು, ಕೊಳೆತು, ಧೂಳಿನೊಂದಿಗೆ ಗೊಬ್ಬರವಾಗಿ ಕಿಂಡಿಗಳನ್ನು ಮುಚ್ಚುತ್ತವೆ. ಆಗ ಕಾಲುವೆಯಲ್ಲಿ ನೀರು ಏರಿ, ಬ್ಲೋವರ್ (ಎ.ಸಿ.ಯ ಗಾಳಿ ಬೀಸುವ ಫ್ಯಾನ್) ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿಯ ಮೂಲಕ ಒಳಗೆ ಧುಮುಕುತ್ತದೆ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಹೆಚ್ಚಿನ ಕಾರುಗಳಲ್ಲಿ ಬ್ಲೋವರ್ ಇರುವುದು ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ. ಗ್ಲೋವ್ ಬಾಕ್ಸ್ ಬಿಚ್ಚಿ ಎ.ಸಿ. ಫಿಲ್ಟರನ್ನು ಹೊರಗೆಳೆಯಿರಿ. ಅದು ಒದ್ದೆಯಾಗಿದ್ದು ಎಲೆಯ ಚೂರುಗಳಿದ್ದರೆ ಹೆಚ್ಚು ಹುಡುಕುವ ಅಗತ್ಯವಿಲ್ಲ.

ಜಾಲರಿ ತೆಗೆಯಲು ಸಾಮಾನ್ಯವಾಗಿ ವೈಪರ್ ತೋಳುಗಳ ನಟ್ ಬಿಚ್ಚಬೇಕಾಗುತ್ತದೆ. ಮೊದಲು ತೋಳುಗಳು ಗಾಜಿನ ಮೇಲೆ ನಿಲ್ಲುವ ಜಾಗಕ್ಕೆ ಟೇಪಿನ ಗುರುತು ಹಾಕಿಕೊಳ್ಳಿ. ಗಾಜಿಗೆ ಆನಿಸಿ ಮೀಟಬೇಡಿ. ಕೊಳೆತ ಎಲೆಯನ್ನು ಕೈಯಿಂದಲೇ ಎತ್ತಿ ತೆಗೆಯಿರಿ. ಪೈಪಿನ ನೀರು ಬಿಟ್ಟು ತೊಳೆಯಲು ಹೋದರೆ ಅದೆಲ್ಲ ಕಿಂಡಿಯ ಬಾಯಿಗೇ ಹೋಗಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಕೊನೆಗೆ ಒಂದೊಂದು ತುದಿಗೂ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದು, ಆಯಾ ಬದಿಯ ಚಕ್ರದ ಹಿಂದೆ ಅದು ಧಾರೆಯಾಗಿ ಬೀಳುವುದನ್ನು ನೋಡಿ. ಒಂದು ಬದಿ ಮಾತ್ರ ತೆರೆದಿದ್ದರೆ ಸಾಲದು.

ಮುಂದಿನ ಗಾಜಿನ ಬಗ್ಗೆ ಎರಡು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಎದ್ದ ತಗಡಿಗೆ ಅದು ತುಕ್ಕು ಹಿಡಿಸುತ್ತದೆ. ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಸರಿಯಾದ ಸೀಲಂಟೂ ಹಿಡಿಯುವುದಿಲ್ಲ. ಹಚ್ಚಿರುವುದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಗಾಜನ್ನು ಹಿಂದೆ ಎಂದಾದರೂ ಬದಲಿಸಿದ್ದು, ನಿಜವಾಗಿಯೂ ಅಲ್ಲಿಂದಲೇ ನೀರು ಬರುತ್ತಿದ್ದರೆ, ಗಾಜನ್ನು ಹೊರತೆಗೆದು ಹೊಸದಾಗಿ ಅಂಟಿಸಬೇಕು. ಅಪಘಾತವಾದಾಗ ಬಾಡಿಯ ಗಟ್ಟಿತನಕ್ಕೂ, ಅನೇಕ ಕಾರುಗಳಲ್ಲಿ ಎಡಗಡೆಯ ಏರ್‌ಬ್ಯಾಗ್ ಉಬ್ಬುವಾಗ ಬೇಕಾದ ಆಸರೆಗೂ ಆ ಅಂಟೇ ಆಧಾರವಾದ್ದರಿಂದ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪ್ರಶ್ನೆ (ಉಡುಪಿಯಿಂದ ಒಬ್ಬ ಸದಸ್ಯೆ): ಸರ್, ನನ್ನ ಕಾರಿನಲ್ಲಿ ಮುಂದೆ ಒಣಗಿಯೇ ಇದೆ, ಹಿಂದಿನ ಸೀಟಿನ ಎಡಗಡೆ ಮಾತ್ರ ನೀರು ನಿಲ್ಲುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದು ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಬೇಸಿಗೆಯಲ್ಲಿ ನಾಲ್ಕೂ ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದ್ದನ್ನು ಬಿಟ್ಟರೆ ಬೇರೆ ಯಾವ ಕೆಲಸವೂ ಆಗಿಲ್ಲ.

ಉತ್ತರ: ಮೇಡಂ, ಆ ಕೊನೆಯ ವಾಕ್ಯದಲ್ಲೇ ಕಾರಣವಿರುವಂತೆ ಕಾಣುತ್ತದೆ. ಕಿಟಕಿಯ ಗಾಜಿನ ಮೇಲೆ ಹರಿಯುವ ನೀರಿನಲ್ಲಿ ಒಂದಷ್ಟು ಹೊರಗಿನ ಬೀಡಿಂಗನ್ನು ದಾಟಿ ಬಾಗಿಲಿನ ಒಡಲಿಗೆ ಇಳಿಯುವುದು ಸಹಜ. ಅದು ಬಾಗಿಲಿನ ತಳದ ಅಂಚಿನಲ್ಲಿರುವ ಸಣ್ಣ ಸಂದುಗಳಿಂದ ಹೊರಬೀಳುತ್ತದೆ. ಒಡಲಿನ ನೀರು ಕಾರಿನೊಳಗೆ ಬಾರದಂತೆ ತಡೆಯುವುದು ಡೋರ್ ಪ್ಯಾಡಿನ (ಬಾಗಿಲಿನ ಒಳಹೊದಿಕೆಯ) ಹಿಂದೆ ಕಪ್ಪನೆಯ ಬ್ಯೂಟೈಲ್ ಅಂಟಿನಿಂದ ಅಂಟಿಸಿರುವ ಒಂದು ಪ್ಲಾಸ್ಟಿಕ್ ಹಾಳೆ ಮಾತ್ರ. ಸ್ಪೀಕರ್ ಹಾಕುವವರು, ಪವರ್ ವಿಂಡೋ ರಿಪೇರಿ ಮಾಡುವವರು ಅದನ್ನು ಬ್ಲೇಡಿನಿಂದ ಸೀಳುವುದು, ಅರ್ಧಂಬರ್ಧ ಒತ್ತಿ ಬಿಡುವುದು ನಮ್ಮಲ್ಲಿ ತೀರ ಸಾಮಾನ್ಯ. ಆ ಹಾಳೆಗೆ ಕಿಲುಬುಕಾಸಿನ ಬೆಲೆಯೂ ಇಲ್ಲವೆಂಬ ಭಾವನೆಯೇ ಇದಕ್ಕೆ ಮೂಲ.

ಬೀಡಿಂಗ್ ಸರಿಯಿದೆಯೇ ಎಂಬುದನ್ನು ನೋಟೊಂದನ್ನು ಬಾಗಿಲಿನ ಅಂಚಿಗೆ ಸಿಕ್ಕಿಸಿ, ಬಾಗಿಲು ಹಾಕಿ ಎಳೆದು ತಿಳಿಯಬಹುದು: ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಒತ್ತಡವಿಲ್ಲ. ಬೀಡಿಂಗ್ ಸರಿಯಿದ್ದು ಡೋರ್ ಪ್ಯಾಡಿನ ಕೆಳಗಿನ ಅಂಚು ತೇವವಾಗಿದ್ದರೆ ಪ್ಯಾಡ್ ಬಿಚ್ಚಿ. ಹಿಡಿಕೆಯ ಹಿಂದೆ, ಕೈ ಆನಿಸುವ ಜಾಗದಲ್ಲಿ ಮುಚ್ಚಳಗಳ ಕೆಳಗೆ ಸ್ಕ್ರೂಗಳಿರುತ್ತವೆ, ಉಳಿದದ್ದು ಕ್ಲಿಪ್ಪುಗಳು. ಹಳೆಯ ಕ್ಲಿಪ್ಪುಗಳು ಮುರಿಯುವುದು ಖಚಿತವಾದ್ದರಿಂದ ನಾಲ್ಕಾರು ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ. ವೈರಿನ ಕನೆಕ್ಟರ್ ಬಿಚ್ಚಿಟ್ಟಿರುವಾಗ ಇಗ್ನಿಷನ್ ಹಾಕಬೇಡಿ. ಕೆಲವು ಕಾರುಗಳ ಬಾಗಿಲಿನಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ಸೆನ್ಸರ್ ಇರುತ್ತದೆ.

ಹಾಳೆ ಹರಿಯದೆ ಬರೀ ಎದ್ದಿದ್ದರೆ ಹಳೆಯ ಬ್ಯೂಟೈಲನ್ನು ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಒತ್ತಿದರೆ ಮತ್ತೆ ಹಿಡಿಯುತ್ತದೆ. ಹರಿದಿದ್ದರೆ ದಪ್ಪ ಪಾಲಿಥೀನ್ ತುಂಡು ಹಾಕಿ ಸುತ್ತಲೂ ಬ್ಯೂಟೈಲ್ ಟೇಪ್ ಕೊಡಿ. ರಟ್ಟಿನ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪು ಕರಾವಳಿಯ ಸೆಕೆಗೆ ಒಂದು ಮಳೆಗಾಲವೂ ಬಾಳುವುದಿಲ್ಲ. ಮುಖ್ಯವಾಗಿ ಹಾಳೆಯ ಕೆಳ ಅಂಚು, ಅದರ ಮೇಲಿಳಿದ ನೀರು ಮರಳಿ ಬಾಗಿಲಿನ ಒಡಲಿಗೇ ಬೀಳುವಂತೆ ಕೂರಬೇಕು. ಮೂಲದಲ್ಲಿ ಅದನ್ನು ಸಂದಿಗೆ ತೂರಿಸಿದ್ದ ಗುರುತು ಇದ್ದರೆ ಹಾಗೆಯೇ ತೂರಿಸಿ. ಪ್ಯಾಡ್ ಹಾಕುವ ಮೊದಲು ತಳದ ಸಂದುಗಳನ್ನೂ ನೋಡಿ. ಕೆಂಪುಮಣ್ಣು ಕಟ್ಟಿಕೊಂಡಿರುತ್ತದೆ, ಕೆಲವೊಮ್ಮೆ ಕುಂಬಾರ ಹುಳು ಗೂಡನ್ನೇ ಮಾಡಿರುತ್ತದೆ. ಸ್ಕ್ರೂ ಡ್ರೈವರ್ ಬೇಡ, ಪ್ಲಾಸ್ಟಿಕ್ ಕೇಬಲ್ ಟೈ ಸಾಕು; ಬಣ್ಣ ಗೀರಿದರೆ ಸಮುದ್ರದ ಗಾಳಿಗೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ ಒಬ್ಬ ಸದಸ್ಯರು): ಸನ್‌ರೂಫ್ ಇರುವ ಕಾರು. ಜೋರು ಮಳೆಯಲ್ಲಿ ಬ್ರೇಕ್ ಹಾಕಿದರೆ ಒಳಗಿನ ದೀಪದ ಬಳಿಯಿಂದ ನೀರು ಸುರಿಯುತ್ತದೆ. ಸನ್‌ರೂಫಿನ ರಬ್ಬರನ್ನೇ ಸೀಲ್ ಮಾಡಿಸಿಬಿಡಲೇ?

ಉತ್ತರ: ಬೇಡ. ಆ ರಬ್ಬರ್ ನೀರನ್ನು ಪೂರ್ತಿ ತಡೆಯುವುದಕ್ಕಲ್ಲ; ದಾಟಿದ ನೀರನ್ನು ಹಿಡಿಯಲು ಚೌಕಟ್ಟಿನಲ್ಲಿ ಕಾಲುವೆಯೂ, ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಿಂದ ಚಾವಣಿಯನ್ನು ಹೊತ್ತ ಕಂಬಗಳೊಳಗೆ ಇಳಿಯುವ ಕೊಳವೆಗಳೂ ಇರುತ್ತವೆ. ಮುಂದಿನ ಕೊಳವೆ ಕಟ್ಟಿದರೆ ಕಾಲುವೆಯಲ್ಲಿ ನಿಂತ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ಉಕ್ಕುತ್ತದೆ. ಸನ್‌ರೂಫ್ ತೆರೆದು ಅಂಚನ್ನು ಒರೆಸಿ, ಒಂದೊಂದು ಮೂಲೆಗೂ ಸ್ವಲ್ಪವೇ ನೀರು ಬಿಟ್ಟು ಕೆಳಗೆ ಬರುತ್ತದೆಯೇ ನೋಡಿ. ಬಾರದಿದ್ದರೆ ಮೆತ್ತಗಿನ ನೈಲಾನ್ ದಾರವನ್ನು ನಿಧಾನವಾಗಿ ತೂರಿಸಬಹುದು. ಕಂಪ್ರೆಸರ್ ಗಾಳಿ ಹೊಡೆಸಿದರೆ ಕೊಳವೆ ಒಳಗೇ ಕಳಚಿಕೊಂಡು, ಆಮೇಲೆ ಚಾವಣಿಯ ಬಟ್ಟೆ ಇಳಿಸಬೇಕಾಗುತ್ತದೆ. ಕಂಬದ ಮೇಲೆ ಏರ್‌ಬ್ಯಾಗಿನ ಗುರುತಿದ್ದರೆ ಅದರ ಹೊದಿಕೆಯನ್ನು ತಾವು ಬಿಚ್ಚಬೇಡಿ.

ಪ್ರಶ್ನೆ (ಮತ್ತೆ ತೀರ್ಥಹಳ್ಳಿಯಿಂದ): ಸರ್, ತಾವು ಹೇಳಿದಂತೆಯೇ ಫಿಲ್ಟರ್ ಒದ್ದೆಯಾಗಿತ್ತು, ಕಾಲುವೆಯಲ್ಲಿ ಕೊಳೆತ ಎಲೆ ತುಂಬಿತ್ತು. ಈಗ ಎರಡೂ ಬದಿಯಲ್ಲಿ ನೀರು ಸರಾಗವಾಗಿ ಇಳಿಯುತ್ತಿದೆ. ಆದರೆ ಮುಗ್ಗಲು ವಾಸನೆ ಹೋಗಿಲ್ಲ, ಗಾಜು ಮಂಜು ಹಿಡಿಯುವುದೂ ನಿಂತಿಲ್ಲ. ಇನ್ನೆಲ್ಲಿಂದಾದರೂ ಬರುತ್ತಿದೆಯೇ?

ಉತ್ತರ: ಬರುತ್ತಿರಬಹುದು, ಅಥವಾ ಹಳೆಯ ನೀರೇ ಉಳಿದಿರಬಹುದು. ಮೊದಲನೆಯದನ್ನು ಹೀಗೆ ಪರೀಕ್ಷಿಸಿ: ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ರಭಸವಿಲ್ಲದ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ, ಪ್ರತಿ ಜಾಗದಲ್ಲಿ ಕೆಲವು ನಿಮಿಷ ನಿಂತು, ಮೇಲಕ್ಕೆ ಏರಬೇಕು. ಮೇಲಿನಿಂದಲೇ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಫಾಗ್ ಲ್ಯಾಂಪ್, ಹಾರ್ನ್ ಎಂದು ಹೊರಗಿನಿಂದ ವೈರ್ ಎಳೆಸಿದ್ದರೆ, ಅದು ಎಂಜಿನ್ ಕಡೆಯಿಂದ ಒಳಬರುವ ತೂತಿನ ರಬ್ಬರ್ ಬಳೆಯನ್ನು (ಗ್ರೊಮೆಟ್) ನೋಡಿ. ವೈರು ಗ್ರೊಮೆಟ್ಟಿನ ಕಡೆಗೆ ಇಳಿಜಾರಾಗಿದ್ದರೆ ನೀರು ಅದನ್ನೇ ಹಿಡಿದು ಒಳಬರುತ್ತದೆ. ತೂತಿಗಿಂತ ಕೆಳಗೆ ಜೋತು ಬೀಳುವಂತೆ ವೈರನ್ನು ಬಾಗಿಸಿ ಕಟ್ಟಿದರೆ ಹನಿ ಹೊರಗೇ ಉದುರುತ್ತದೆ.

ಎರಡನೆಯದು ನನ್ನ ಹೆಚ್ಚಿನ ಅನುಮಾನ. ಕಾರ್ಪೆಟ್ಟಿನ ಕೆಳಗೆ ಶಬ್ದ ತಡೆಯಲು ದಪ್ಪ ಫೋಮ್ ಅಥವಾ ಫೆಲ್ಟ್ ಇರುತ್ತದೆ. ಮೇಲೆ ಕೈಗೆ ಒಣಗಿದಂತೆ ತೋರಿದರೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡು, ಮುಗ್ಗಲು ಹಿಡಿಸಿ, ತಗಡಿಗೆ ತುಕ್ಕು ತರುತ್ತದೆ. ಬಾಗಿಲಿನ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ತೆಗೆದು ಕಾರ್ಪೆಟ್ಟಿನ ಅಂಚನ್ನೆತ್ತಿ, ಅಡಿಗೆ ಮರದ ತುಂಡು ಕೊಟ್ಟು, ಬಟ್ಟೆ ಒತ್ತಿ ನೀರು ಹೀರಿ, ಟೇಬಲ್ ಫ್ಯಾನ್ ಇಡಿ. ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತಮ್ಮ ಕಡೆಯೂ ಬಿಸಿಲಿಗಾಗಿ ಕಾಯುವುದರಲ್ಲಿ ಅರ್ಥವಿಲ್ಲ. ಸೀಟು ಬಿಚ್ಚಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಬಿಟ್ಟು ಮುಂದುವರಿಯಿರಿ. ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅಲ್ಲಿಗೆ ನಿಲ್ಲಿಸಿ. ಓಡಿಸುವಾಗ ಗಾಳಿಯನ್ನು ಒಳಗೇ ತಿರುಗಿಸುವ ಬಟನ್ ಆಫ್ ಮಾಡಿ, ಹೊರಗಿನ ಗಾಳಿಯೊಂದಿಗೆ ಎ.ಸಿ. ಹಾಕಿದರೆ ಮಂಜು ಬೇಗ ಬಿಡುತ್ತದೆ. ಫಿಲ್ಟರ್ ಮಾತ್ರ ಹೊಸದೇ ಇರಲಿ.

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ಸದಸ್ಯರು): ನೆಲದ ತಗಡಿನಲ್ಲಿ ರಬ್ಬರ್ ಮುಚ್ಚಳಗಳಿವೆಯಲ್ಲ, ಅವನ್ನು ತೆಗೆದೇ ಇಟ್ಟರೆ ಬಂದ ನೀರು ತಾನಾಗಿಯೇ ಹೋಗುವುದಿಲ್ಲವೇ?

ಉತ್ತರ: ನಿಂತ ನೀರನ್ನು ಬಿಡಲು ತೆಗೆಯಬಹುದು, ಹಾಗೆಯೇ ಬಿಡಬಾರದು. ರಸ್ತೆಯ ನೀರು ಚಕ್ರಗಳಿಂದ ಎದ್ದು ಅದೇ ತೂತಿನಿಂದ ಒಳಬರುತ್ತದೆ, ತೂತು ದೊಡ್ಡದಿದ್ದರೆ ಇಲಿಗಳಿಗೂ ದಾರಿಯಾಗುತ್ತದೆ. ಒಳಗೆ ಒಣಗಿದ ಮೇಲೆ ಮುಚ್ಚಳದ ಅಂಚಿಗೆ ತೆಳ್ಳಗೆ ಪಿ.ಯು. (ಪಾಲಿಯುರೆಥೇನ್) ಸೀಲಂಟ್ ಹಚ್ಚಿ ಮೊದಲಿನಂತೆ ಕೂರಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಗೂ ಇದೇ ಕ್ರಮ. ಆದರೆ ಅಲ್ಲಿ ನೀರು ಕಂಡರೆ ಹಿಂದಿನ ದೀಪಗಳ ಗ್ಯಾಸ್ಕೆಟ್, ಡಿಕ್ಕಿಯ ಬೀಡಿಂಗ್, ಚಾವಣಿಯ ಆಂಟೆನಾದ ಬುಡ, ಇವಿಷ್ಟನ್ನು ಮೊದಲು ನೋಡಿ. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಕಾರಾಗಿದ್ದರೆ ತಗಡುಗಳ ಜೋಡಣೆಯಲ್ಲಿ ಸೀಲಂಟ್ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ಯಾವ ಕೆಲಸ ಮಾಡಿದರೂ ಕಾರ್ಪೆಟ್ ಕೂಡಲೇ ಮುಚ್ಚಬೇಡಿ. ಹಳೆಯ ಪತ್ರಿಕೆಯ ಹಾಳೆಗಳನ್ನು ಬರಿಯ ತಗಡಿನ ಮೇಲೆ ಹಾಸಿ ಒಂದೆರಡು ಜೋರು ಮಳೆಗಳಿಗೆ ಕಾರನ್ನು ಹೊರಗೆ ನಿಲ್ಲಿಸಿ, ಹಾಳೆ ಎಲ್ಲಿಯೂ ಒದ್ದೆಯಾಗದಿದ್ದರೆ ಆಮೇಲೆ ಕಾರ್ಪೆಟ್ ಕೂರಿಸಿ.